ಬೆಂಗಳೂರಿನ ನಂತರ ಯಾವ ಊರು?

ಮಗಳ ಮದುವೆಯ ಮಾತುಕತೆ ನಡೆಯುವ ಮನೆಗಳಲ್ಲಿ ಹುಡುಗನ ಗುಣ, ಮನೆತನ, ವಿದ್ಯೆ ಎಲ್ಲವನ್ನೂ ವಿಚಾರಿಸಿದ ಬಳಿಕ ಒಂದು ಪ್ರಶ್ನೆ ಬಂದೇ ಬರುತ್ತದೆ. ಕೆಲಸ ಯಾವ ಊರಿನಲ್ಲಿ? ಉತ್ತರ ಹೆಚ್ಚಾಗಿ ಎರಡೇ. ಒಂದೋ ಬೆಂಗಳೂರು, ಇಲ್ಲವೇ ಗಲ್ಫ್. ಮಗನನ್ನು ಓದಿಸಿದ ತಾಯಿಗೂ ಅದೇ ಅನುಭವ. ಅವನು ಇಂಜಿನಿಯರಿಂಗ್ ಮುಗಿಸಿದ ದಿನವೇ ಮನೆಯ ಒಂದು ಕೋಣೆ ಖಾಲಿಯಾಗುತ್ತದೆ. ಹಬ್ಬಕ್ಕೆ ನಾಲ್ಕು ದಿನ ಬರುವ ಮಗ, ರಾತ್ರಿ ಬಸ್ಸು ಹತ್ತಿ ಮತ್ತೆ ಹೊರಡುತ್ತಾನೆ.

ಮಗಳ ವಿಷಯ ಇನ್ನೂ ಭಿನ್ನ. ಅವಳು ಡಿಗ್ರಿಯಲ್ಲಿ ಮಗನಿಗಿಂತ ಹೆಚ್ಚು ಅಂಕ ಪಡೆದಿರುತ್ತಾಳೆ. ಆದರೆ ಕೆಲಸ ಇರುವ ಊರು ದೂರ. ಅಲ್ಲಿ ಹಾಸ್ಟೆಲ್ ಹುಡುಕಬೇಕು, ಜೊತೆಗೆ ಯಾರಿದ್ದಾರೆ ಎಂದು ನೋಡಬೇಕು, ಮನೆಯ ಹಿರಿಯರನ್ನು ಒಪ್ಪಿಸಬೇಕು. ಕೊನೆಗೆ 'ಇಷ್ಟು ಓದಿದ್ದು ಸಾಕು' ಎಂಬಲ್ಲಿಗೆ ಮಾತು ನಿಲ್ಲುತ್ತದೆ. ಪ್ರಮಾಣಪತ್ರ ಕಪಾಟು ಸೇರುತ್ತದೆ.

ಆದ್ದರಿಂದ ಕರ್ನಾಟಕದಲ್ಲಿ ಬೆಂಗಳೂರಿನ ನಂತರ ಮಹಾನಗರವಾಗಿ ಬೆಳೆಯುವ ಊರು ಯಾವುದು ಎಂಬ ಪ್ರಶ್ನೆ ರಿಯಲ್ ಎಸ್ಟೇಟ್ ಏಜೆಂಟರಿಗೆ ಮಾತ್ರ ಸೇರಿದ್ದಲ್ಲ. ಅದು ನಿಮ್ಮ ಅಡುಗೆ ಮನೆಗೂ ಸಂಬಂಧಪಟ್ಟದ್ದು. ಮಗಳು ಬೆಳಿಗ್ಗೆ ಹೋಗಿ ಸಂಜೆ ಮನೆಗೆ ಮರಳುವಷ್ಟು ದೂರದಲ್ಲಿ ಒಳ್ಳೆಯ ಕಾಲೇಜು, ಒಳ್ಳೆಯ ಆಸ್ಪತ್ರೆ, ಒಳ್ಳೆಯ ಉದ್ಯೋಗ ಇದ್ದರೆ ಎಷ್ಟು ಮನೆಗಳ ಕಥೆ ಬದಲಾಗಬಹುದು ಎಂದು ಯೋಚಿಸಿ ನೋಡಿ.

ಮಹಾನಗರ ಎಂದರೆ ಏನು?

1992ರ 74ನೇ ಸಂವಿಧಾನ ತಿದ್ದುಪಡಿಯ ಪ್ರಕಾರ ಹತ್ತು ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನರಿದ್ದು, ಒಂದಕ್ಕಿಂತ ಹೆಚ್ಚು ಪುರಸಭೆ, ಪಂಚಾಯತುಗಳು ಒಂದಕ್ಕೊಂದು ತಾಗಿಕೊಂಡಿರುವ, ರಾಜ್ಯಪಾಲರು ಅಧಿಸೂಚಿಸಿದ ಪ್ರದೇಶವೇ ಮಹಾನಗರ ಪ್ರದೇಶ. 2011ರ ಜನಗಣತಿಯಲ್ಲಿ ದೇಶದಲ್ಲಿ ಹತ್ತು ಲಕ್ಷ ದಾಟಿದ ನಗರ ಸಮೂಹಗಳು 53 ಇದ್ದವು. ಅದರಲ್ಲಿ ಕರ್ನಾಟಕದ ಪಾಲು ಒಂದೇ ಒಂದು, ಬೆಂಗಳೂರು.

ಆಗ ಬೆಂಗಳೂರಿನ ಜನಸಂಖ್ಯೆ ಸುಮಾರು 85 ಲಕ್ಷ. ಎರಡನೇ ಸ್ಥಾನದ ಮೈಸೂರು ಸುಮಾರು 9.9 ಲಕ್ಷ. ಮೂರನೆಯದು ಹುಬ್ಬಳ್ಳಿ-ಧಾರವಾಡ, 9.4 ಲಕ್ಷ. ನಂತರ ಮಂಗಳೂರು ಸುಮಾರು 6.2 ಲಕ್ಷ, ಬೆಳಗಾವಿ 6.1 ಲಕ್ಷ, ಕಲಬುರಗಿ 5.4 ಲಕ್ಷ. ಮೊದಲಿನದಕ್ಕೂ ಎರಡನೆಯದಕ್ಕೂ ಎಷ್ಟು ಅಂತರ ನೋಡಿ. ಹಿಂದಿನ ಹತ್ತು ವರ್ಷಗಳಲ್ಲಿ ಬೆಂಗಳೂರಿಗೆ ಹೊಸದಾಗಿ ಸೇರಿದ ಜನರೇ 28 ಲಕ್ಷ. ಅಂದರೆ ಹತ್ತೇ ವರ್ಷದಲ್ಲಿ ಹತ್ತಿರ ಹತ್ತಿರ ಮೂರು ಮೈಸೂರುಗಳು ಹೋಗಿ ಬೆಂಗಳೂರಿಗೆ ಸೇರಿದಂತಾಯಿತು.

ಪಕ್ಕದ ಕೇರಳದ ಲೆಕ್ಕ ಬೇರೆಯೇ ಇದೆ. 2001ರಲ್ಲಿ ಅಲ್ಲಿ ಹತ್ತು ಲಕ್ಷ ದಾಟಿದ್ದು ಕೊಚ್ಚಿ ಒಂದೇ. 2011ರ ಹೊತ್ತಿಗೆ ತಿರುವನಂತಪುರ, ಕೊಲ್ಲಂ, ಕೊಚ್ಚಿ, ತ್ರಿಶೂರ್, ಮಲಪ್ಪುರಂ, ಕೋಝಿಕ್ಕೋಡ್, ಕಣ್ಣೂರು ಹೀಗೆ ಏಳು ಆದವು. ಮಲಪ್ಪುರಂ 2001ರಲ್ಲಿ ಒಂದು ಮುಕ್ಕಾಲು ಲಕ್ಷ ಜನರ ಊರಾಗಿತ್ತು. 2011ರಲ್ಲಿ ಅದು ಸುಮಾರು 17 ಲಕ್ಷ. 2020ರ ಜನವರಿಯಲ್ಲಿ ಲಂಡನ್ನಿನ ಎಕನಾಮಿಸ್ಟ್ ಬಳಗದ ಪಟ್ಟಿಯೊಂದರಲ್ಲಿ ಮಲಪ್ಪುರಂ ಜಗತ್ತಿನಲ್ಲೇ ಅತಿ ವೇಗವಾಗಿ ಬೆಳೆಯುವ ನಗರ ಎಂದು ಹೆಸರು ಪಡೆಯಿತು.

ಅಷ್ಟು ಜನ ಎಲ್ಲಿಂದ ಬಂದರು? ಯಾರೂ ಬರಲಿಲ್ಲ. ಇದ್ದ ಜನರೇ ಇದ್ದರು. ಸುತ್ತಲಿನ ಹಳ್ಳಿಗಳು ಗದ್ದೆ ಬಿಟ್ಟು ಅಂಗಡಿ, ಶಾಲೆ, ಆಸ್ಪತ್ರೆ, ಗಲ್ಫ್ ಹಣದ ಮೇಲೆ ಬದುಕತೊಡಗಿದವು. ಐದು ಸಾವಿರ ಜನ, ಚದರ ಕಿಲೋಮೀಟರಿಗೆ 400 ಜನ, ದುಡಿಯುವ ಗಂಡಸರಲ್ಲಿ ನಾಲ್ಕರಲ್ಲಿ ಮೂವರು ಬೇಸಾಯೇತರ ಕೆಲಸದಲ್ಲಿ ಇದ್ದರೆ ಅಂಥ ಹಳ್ಳಿಯನ್ನು ಜನಗಣತಿಯವರು ಪಟ್ಟಣ ಎಂದು ಪರಿಗಣಿಸುತ್ತಾರೆ. ಆ ಪಟ್ಟಣಗಳನ್ನೆಲ್ಲ ಒಂದೇ ಸಮೂಹವಾಗಿ ಎಣಿಸಿದಾಗ ಮಲಪ್ಪುರಂ ಮಹಾನಗರದ ಪಟ್ಟಿಗೆ ಸೇರಿತು. ಈ ಲೆಕ್ಕದಲ್ಲಿ ಹೆಂಗಸರ ದುಡಿಮೆ ಬರುವುದೇ ಇಲ್ಲ ಎಂಬುದನ್ನೂ ಗಮನಿಸಿ.

ಹಾಗಾಗಿ ಸಂಖ್ಯೆ ಒಂದನ್ನೇ ನೋಡಿ ಊರನ್ನು ಅಳೆಯುವಂತಿಲ್ಲ. ಅದೂ ಅಲ್ಲದೆ ನಮ್ಮ ಕೈಯಲ್ಲಿರುವ ಸಂಖ್ಯೆಯೂ ಹಳೆಯದು. 2021ರಲ್ಲಿ ನಡೆಯಬೇಕಿದ್ದ ಜನಗಣತಿ ಕೊರೊನಾ ಕಾರಣದಿಂದ ಮುಂದಕ್ಕೆ ಹೋಯಿತು. 2027ರ ಮಾರ್ಚ್ 1ನ್ನು ಆಧಾರ ದಿನವಾಗಿಟ್ಟು ಮುಂದಿನ ಗಣತಿ ಎಂದು ಕೇಂದ್ರ ಸರಕಾರ 2025ರಲ್ಲಿ ಪ್ರಕಟಿಸಿತು. ಆ ಲೆಕ್ಕ ಪೂರ್ತಿಯಾಗಿ ಹೊರಬಂದಾಗ ಮೈಸೂರು ಮತ್ತು ಹುಬ್ಬಳ್ಳಿ-ಧಾರವಾಡ ಎರಡೂ ಹತ್ತು ಲಕ್ಷದ ಗೆರೆ ದಾಟಿರುವುದನ್ನು ನಾವು ಕಾಣಬಹುದು. ಆದರೆ ಗೆರೆ ದಾಟುವುದು ಬೇರೆ, ಮಹಾನಗರವಾಗುವುದು ಬೇರೆ.

ಊರು ಬೆಳೆಯುವುದು ಯಾವುದರಿಂದ?

ಆರು ನೂರು ವರ್ಷಗಳ ಹಿಂದೆ ಬದುಕಿದ್ದ ಇತಿಹಾಸಕಾರ ಇಬ್ನು ಖಲ್ದೂನ್ (1332-1406) ತನ್ನ 'ಮುಕದ್ದಿಮ'ದಲ್ಲಿ ನಗರ ಕಟ್ಟುವವರು ಏನೇನು ನೋಡಬೇಕು ಎಂದು ವಿವರಿಸಿದ್ದಾರೆ. ಊರಿಗೆ ರಕ್ಷಣೆ ಇರಬೇಕು, ಗಾಳಿ ಶುದ್ಧವಾಗಿರಬೇಕು, ಸಿಹಿನೀರು ಹತ್ತಿರದಲ್ಲಿರಬೇಕು, ಹೊಲ, ಹುಲ್ಲುಗಾವಲು, ಉರುವಲು ದೂರವಿರಬಾರದು. ಇದನ್ನು ಗಮನಿಸದೆ ಕಟ್ಟಿದ ನಗರಗಳು ಬೇಗ ಹಾಳಾಗುತ್ತವೆ ಎಂಬುದು ಅವರ ವಾದ. ಇಂದಿನ ಮಾತಿನಲ್ಲಿ ಹೇಳುವುದಾದರೆ ಶಾಂತಿ, ಆರೋಗ್ಯ, ನೀರು, ದಿನಸಿ, ಇಂಧನ. ಇವುಗಳಿಗೆ ನಾವು ಉದ್ಯೋಗ ಮತ್ತು ಸಾರಿಗೆಯನ್ನು ಸೇರಿಸಿಕೊಳ್ಳಬಹುದು.

ನಮ್ಮದೇ ನಾಡಿನ ಇತಿಹಾಸವೂ ಇದನ್ನೇ ಹೇಳುತ್ತದೆ. 1347ರಲ್ಲಿ ಬಹಮನಿ ಸುಲ್ತಾನರ ರಾಜಧಾನಿಯಾದ ಕಲಬುರಗಿ ದಖ್ಖನ್ನಿನ ಮುಖ್ಯ ನಗರವಾಗಿತ್ತು. ಸುಮಾರು 80 ವರ್ಷಗಳ ನಂತರ ರಾಜಧಾನಿ ಬೀದರಿಗೆ ಹೋಯಿತು. ಅರಮನೆಯ ಹಿಂದೆ ಅಧಿಕಾರಿಗಳು, ವ್ಯಾಪಾರಿಗಳು ಹೋದರು. ವಿಜಯಪುರವೂ ಹಾಗೆಯೇ. ಮುಹಮ್ಮದ್ ಆದಿಲ್ ಶಾಹ್ 1651ರಲ್ಲಿ ಕಟ್ಟಿಸಿದ ಬೇಗಂ ತಲಾಬ್‌ನಿಂದ ನೆಲದಡಿಯ ಕೊಳವೆಗಳಲ್ಲಿ ನೀರು ಹರಿದು, ಗಂಜ್ ಎಂದು ಕರೆಯುವ ನೀರಿನ ಗೋಪುರಗಳ ಮೂಲಕ ಮೊಹಲ್ಲಾಗಳಿಗೆ ಹಂಚಿಕೆಯಾಗುತ್ತಿತ್ತು. 1686ರಲ್ಲಿ ಔರಂಗಝೇಬನ ಸೈನ್ಯ ಊರನ್ನು ಗೆದ್ದ ಬಳಿಕ ಆಸ್ಥಾನ ಹೋಯಿತು, ಅದನ್ನು ನಂಬಿದ್ದ ಕಸುಬುದಾರರೂ ಚದುರಿದರು. ಒಂದೇ ಆಧಾರದ ಮೇಲೆ ನಿಂತ ಊರು ಆ ಆಧಾರ ಕುಸಿದಾಗ ಕುಸಿಯುತ್ತದೆ.

ಹತ್ತಿರದ ಕಾಲದ ಉದಾಹರಣೆ ದಾವಣಗೆರೆ. ಹತ್ತಿ ಗಿರಣಿಗಳ ಕಾರಣದಿಂದ ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಹೆಸರು ಪಡೆದಿದ್ದ ಊರು ಅದು. ಗಿರಣಿಗಳು ಒಂದೊಂದಾಗಿ ಮುಚ್ಚಿದಾಗ ಸಾವಿರಾರು ಮನೆಗಳ ಒಲೆ ಆರಿತು. ಮೆಡಿಕಲ್, ಇಂಜಿನಿಯರಿಂಗ್ ಕಾಲೇಜುಗಳು ಮೊದಲೇ ಬೇರೂರಿದ್ದರಿಂದ ಊರು ಉಳಿಯಿತು. ಬೆಂಗಳೂರು ಇದಕ್ಕೆ ವಿರುದ್ಧ. 1909ರಲ್ಲಿ ವಿಜ್ಞಾನ ಸಂಸ್ಥೆ, 1940ರಲ್ಲಿ ವಿಮಾನ ಕಾರ್ಖಾನೆ, 1948ರಲ್ಲಿ ಐಟಿಐ, 1953ರಲ್ಲಿ ಎಚ್ಎಂಟಿ, 1954ರಲ್ಲಿ ಬಿಇಎಲ್. ಹೀಗೆ ಒಂದರ ಮೇಲೊಂದು ಸೇರುತ್ತಾ ಬಂದು, ಸಾಫ್ಟ್‌ವೇರ್ ಕಂಪೆನಿಗಳು ಬರುವ ಹೊತ್ತಿಗೆ ಅಲ್ಲಿ ಓದಿದ, ಕಸುಬು ಬಲ್ಲ ಜನ ಸಿದ್ಧವಿದ್ದರು.

ಆದರೆ ಬೆಂಗಳೂರು ಅದಕ್ಕೆ ತೆತ್ತ ಬೆಲೆಯೂ ದೊಡ್ಡದು. ನದಿಯಿಲ್ಲದ ಊರಿಗೆ ಸುಮಾರು ನೂರು ಕಿಲೋಮೀಟರ್ ದೂರದಿಂದ, ಸುಮಾರು ಐನೂರು ಮೀಟರ್ ಎತ್ತರಕ್ಕೆ ಕಾವೇರಿಯನ್ನು ಪಂಪು ಮಾಡಬೇಕು. 2024ರ ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತಿ, ಅಪಾರ್ಟ್‌ಮೆಂಟ್‌ಗಳ ಜನ ಕೂಡ ಕೊಡ ಹಿಡಿದು ಟ್ಯಾಂಕರ್ ಮುಂದೆ ನಿಂತರು. ಅದೇ ವರ್ಷ ಅಕ್ಟೋಬರಿನಲ್ಲಿ ಕಾವೇರಿ ಐದನೇ ಹಂತ ಉದ್ಘಾಟನೆಯಾಯಿತು. ಆಡಳಿತಕ್ಕೂ ಒಂದು ಪಾಲಿಕೆ ಸಾಲದೆ 2025ರ ಸೆಪ್ಟೆಂಬರಿನಲ್ಲಿ ಐದು ಪಾಲಿಕೆಗಳಾದವು. ಒಂದೇ ಊರಿನ ಮೇಲೆ ಇಡೀ ರಾಜ್ಯದ ಭಾರ ಹೊರಿಸಿದರೆ ಇದೇ ಆಗುವುದು. ಹಾಗಾದರೆ ಈ ಭಾರ ಹಂಚಿಕೊಳ್ಳಬಲ್ಲ ಊರುಗಳು ಯಾವುವು? ಒಂದೊಂದಾಗಿ ನೋಡೋಣ.

ಮೈಸೂರು: ಸಿದ್ಧತೆ ಇದೆ, ಆದರೆ...

ಪ್ಲೇಗ್ ಹಾವಳಿಯ ನಂತರ ಊರನ್ನು ಯೋಜನೆ ಹಾಕಿ ಬೆಳೆಸಬೇಕೆಂದು ಮೈಸೂರಿನಲ್ಲಿ 1903ರಲ್ಲೇ ನಗರಾಭಿವೃದ್ಧಿ ಮಂಡಳಿ ರಚನೆಯಾಯಿತು. ಅಗಲ ರಸ್ತೆ, ಚರಂಡಿ, ಉದ್ಯಾನಗಳು ಆ ಕಾಲದ ಕೊಡುಗೆ. 1916ರಲ್ಲಿ ವಿಶ್ವವಿದ್ಯಾನಿಲಯ, 1950ರಲ್ಲಿ ಆಹಾರ ಸಂಶೋಧನಾಲಯ, ನಂತರ ನೋಟು ಮುದ್ರಣಾಲಯ, ಇನ್ಫೋಸಿಸ್‌ನ ತರಬೇತಿ ಕೇಂದ್ರ ಬಂದವು. ಸ್ವಚ್ಛತೆಯ ಸಮೀಕ್ಷೆಯಲ್ಲಿ 2016ರಲ್ಲಿ ದೇಶಕ್ಕೇ ಮೊದಲ ಸ್ಥಾನ ಬಂತು. 2023ರ ಮಾರ್ಚಿನಲ್ಲಿ ಉದ್ಘಾಟನೆಯಾದ ಹೆದ್ದಾರಿಯಿಂದ ಬೆಂಗಳೂರು ಇನ್ನೂ ಹತ್ತಿರವಾಯಿತು.

ಈ ಹತ್ತಿರವೇ ಒಂದು ತೊಡಕು ಕೂಡ. ದೊಡ್ಡ ಮರದ ಕೆಳಗಿನ ಸಸಿಗೆ ನೆರಳು ಸಿಗುತ್ತದೆ, ಬಿಸಿಲು ಸಿಗುವುದಿಲ್ಲ. ದುಡಿಮೆ ಬೆಂಗಳೂರಿನಲ್ಲಿ, ಮನೆ ಮೈಸೂರಿನಲ್ಲಿ ಎಂದಾದರೆ ಸೈಟಿನ ಬೆಲೆ ಏರುತ್ತದೆಯೇ ಹೊರತು ಸ್ಥಳೀಯರಿಗೆ ಕೆಲಸ ಹೆಚ್ಚುವುದಿಲ್ಲ. ಇನ್ನೂ ಹತ್ತಿರವಿರುವ ತುಮಕೂರಿನಲ್ಲಿ ಕೈಗಾರಿಕೆಗಳು ಹೆಚ್ಚುತ್ತಿವೆ, ಗುಬ್ಬಿಯ ಬಳಿ 2023ರಲ್ಲಿ ಹೆಲಿಕಾಪ್ಟರ್ ಕಾರ್ಖಾನೆಯೂ ಆರಂಭವಾಯಿತು. ಆದರೂ ಅದು ಬೆಂಗಳೂರಿನ ಅಂಚಾಗುವ ಸಾಧ್ಯತೆಯೇ ಹೆಚ್ಚು. ಮೈಸೂರಿಗೆ ಅಂಥ ಅಪಾಯ ಕಡಿಮೆ, ಆದರೆ ಇಲ್ಲದಿಲ್ಲ.

ಇನ್ನೊಂದು ವಿಷಯ ಗಡಿಯದು. ಹೂಟಗಳ್ಳಿ, ಬೋಗಾದಿ, ಶ್ರೀರಾಂಪುರ, ರಮ್ಮನಹಳ್ಳಿ, ಕಡಕೊಳ ಎಲ್ಲವೂ ಕಣ್ಣಿಗೆ ಮೈಸೂರೇ. ಆದರೂ ಪ್ರತ್ಯೇಕ ಸ್ಥಳೀಯ ಸಂಸ್ಥೆಗಳಾಗಿ ರೂಪುಗೊಂಡವು. ಇವನ್ನೆಲ್ಲ ಸೇರಿಸಿ ಬೃಹತ್ ಮೈಸೂರು ಮಾಡುವ ಮಾತು ಬಹಳ ದಿನಗಳದ್ದು. ನೀರಿನ ವಿಷಯದಲ್ಲಿ ಮೈಸೂರು ಅದೃಷ್ಟವಂತ. ಕಾವೇರಿ, ಕಬಿನಿ ಎರಡೂ ಹತ್ತಿರ. ಆದರೆ ಹೊರವಲಯದ ಎಷ್ಟೋ ಹೊಸ ಬಡಾವಣೆಗಳ ಬದುಕು ಕೊಳವೆಬಾವಿಯ ಮೇಲೆ. ಕೆಆರ್‌ಎಸ್ ಹಿನ್ನೀರನ್ನು ತರುವ ಹಳೇ ಉಂಡುವಾಡಿ ಯೋಜನೆಗಾಗಿ ಜನ ಕಾದದ್ದು ಕಡಿಮೆಯಲ್ಲ. ಉದಯಗಿರಿ, ಎನ್.ಆರ್. ಮೊಹಲ್ಲಾದಂಥ ಕಡೆ ಬೀಡಿ, ಅಗರಬತ್ತಿ ಹೊಸೆದು ಮಕ್ಕಳನ್ನು ಓದಿಸಿದ ತಾಯಂದಿರಿದ್ದಾರೆ. ಅವರ ಹೆಣ್ಣುಮಕ್ಕಳಿಗೆ ಬೇರೆ ಬಗೆಯ ಕೆಲಸ ಆ ಊರಿನಲ್ಲೇ ದೊರೆತರೆ ಮೈಸೂರು ದೊಡ್ಡ ಊರಾಯಿತು ಎನ್ನಬಹುದು.

ಹುಬ್ಬಳ್ಳಿ-ಧಾರವಾಡ: ಎಲ್ಲವೂ ಇದೆ, ನಲ್ಲಿಯೊಂದು ಬಿಟ್ಟು

ವ್ಯಾಪಾರದ ಹುಬ್ಬಳ್ಳಿ, ವಿದ್ಯೆಯ ಧಾರವಾಡ. ಇಪ್ಪತ್ತು ಕಿಲೋಮೀಟರ್ ಅಂತರದ ಈ ಎರಡು ಊರುಗಳನ್ನು 1962ರಲ್ಲಿ ಒಂದೇ ಪಾಲಿಕೆಗೆ ಸೇರಿಸಲಾಯಿತು. ಬೆಂಗಳೂರಿನಿಂದ ನಾನೂರು ಕಿಲೋಮೀಟರ್ ದೂರ ಇರುವುದರಿಂದ ಅದರ ನೆರಳು ಇಲ್ಲಿ ಬೀಳುವುದಿಲ್ಲ. ಗದಗ, ಹಾವೇರಿ, ಉತ್ತರ ಕನ್ನಡದವರೆಗೆ ಜನ ಆಸ್ಪತ್ರೆಗೆ, ಬಟ್ಟೆಬರೆಗೆ, ನ್ಯಾಯಾಲಯಕ್ಕೆ ಬರುವುದು ಇಲ್ಲಿಗೇ. ನೈಋತ್ಯ ರೈಲ್ವೆಯ ಕೇಂದ್ರ ಕಚೇರಿ, 2013ರಿಂದ ಹೈಕೋರ್ಟಿನ ಕಾಯಂ ಪೀಠ, 2016ರಲ್ಲಿ ಆರಂಭವಾದ ಐಐಟಿ, ಬಸ್ಸು ತಯಾರಿಸುವ ಕಾರ್ಖಾನೆ ಎಲ್ಲವೂ ಇವೆ. 2018ರಲ್ಲಿ ಓಡಲಾರಂಭಿಸಿದ 'ಚಿಗರಿ' ಬಸ್ಸುಗಳಿಗೆ ಎರಡೂ ಊರುಗಳ ನಡುವೆ ಸುಮಾರು 22 ಕಿಲೋಮೀಟರ್ ಪ್ರತ್ಯೇಕ ದಾರಿ ಮಾಡಲಾಯಿತು. ಧಾರವಾಡದಲ್ಲಿ ಓದುವ ಹುಬ್ಬಳ್ಳಿಯ ಹುಡುಗಿಗೆ ಇದರಿಂದ ಎಷ್ಟು ಉಪಕಾರವಾಯಿತು ಎಂಬುದು ಆ ಮನೆಯವರಿಗೆ ಗೊತ್ತು.

ಕೊರತೆ ಇರುವುದು ನಲ್ಲಿಯಲ್ಲಿ. ಮಲಪ್ರಭೆಯ ನೀರು ಸಾಲದೆ, ಹಲವು ಬಡಾವಣೆಗಳಲ್ಲಿ ವಾರಕ್ಕೊಮ್ಮೆ ನೀರು ಎಂಬುದು ವರ್ಷಗಳ ಕಾಲ ನಡೆದುಬಂದ ಸಂಗತಿ. ವಿಶ್ವಬ್ಯಾಂಕಿನ ನೆರವಿನ ಯೋಜನೆಯಲ್ಲಿ ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿಯ ಆಯ್ದ ಕೆಲವು ವಾರ್ಡುಗಳಿಗೆ 2008ರ ಹೊತ್ತಿಗೆ ಇಪ್ಪತ್ತನಾಲ್ಕು ಗಂಟೆ ನೀರು ಬಂತು. ಒಂದೇ ಊರಿನ ಎರಡು ಬೀದಿಗಳಲ್ಲಿ ಎರಡು ಬಗೆಯ ಬದುಕು. ಹುಬ್ಬಳ್ಳಿ-ಧಾರವಾಡದಲ್ಲಿ ಸಂಶೋಧಕರು ಎರಡೂ ಬಗೆಯ ನೀರನ್ನು ಪರೀಕ್ಷಿಸಿದರು. ಬಿಟ್ಟು ಬಿಟ್ಟು ಬರುವ ನೀರಿನಲ್ಲಿ ಮಲಿನತೆ ಹೆಚ್ಚು ಎಂದು 2013ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಕೊಳವೆ ಖಾಲಿಯಿದ್ದಾಗ ಬಿರುಕುಗಳ ಮೂಲಕ ಸುತ್ತಲಿನ ಕೊಳೆನೀರು ಒಳನುಗ್ಗುವುದೇ ಇದಕ್ಕೆ ಒಂದು ಕಾರಣ. ಮಹದಾಯಿ ನ್ಯಾಯಮಂಡಳಿ 2018ರಲ್ಲಿ ಕರ್ನಾಟಕಕ್ಕೆ 13.42 ಟಿಎಂಸಿ ನೀರು ಹಂಚಿತು. ಆದರೂ ಕಳಸಾ-ಬಂಡೂರಿಯ ವಿವಾದ ಅಲ್ಲಿಗೆ ಮುಗಿಯಲಿಲ್ಲ.

ಒಂದಾದ ಊರುಗಳು ಮತ್ತೆ ಬೇರೆಯಾಗುವ ಮಾತೂ ಬಂದಿದೆ. ಧಾರವಾಡಕ್ಕೆ ಪ್ರತ್ಯೇಕ ಪಾಲಿಕೆ ರಚಿಸಲು 2025ರ ಜನವರಿಯಲ್ಲಿ ರಾಜ್ಯ ಸಂಪುಟ ಒಪ್ಪಿಗೆ ನೀಡಿತು. ತಮ್ಮ ಪಾಲು ತಮಗೆ ಸಿಗಲಿಲ್ಲ ಎಂಬ ಧಾರವಾಡದವರ ದೂರು ಹಳೆಯದು. ಪಾಲಿಕೆ ಎರಡಾದರೂ ನೀರು, ಬಸ್ಸು, ಕಸ ಈ ಮೂರರ ಯೋಜನೆ ಒಟ್ಟಾಗಿಯೇ ಇರಬೇಕು. ಮನೆ ಪಾಲಾದ ಅಣ್ಣತಮ್ಮಂದಿರು ಬಾವಿಯನ್ನು ಪಾಲು ಮಾಡುವುದಿಲ್ಲ.

ಮಂಗಳೂರು: ಮಹಾನಗರದ ಸೌಕರ್ಯ, ಸಣ್ಣ ಊರಿನ ಜನ

ಜನಸಂಖ್ಯೆ ಕಡಿಮೆಯಿದ್ದರೂ ಮಂಗಳೂರಿನ ಸಂಸ್ಥೆಗಳು ದೊಡ್ಡವು. 1974ರಲ್ಲಿ ತೆರೆದ ನವಮಂಗಳೂರು ಬಂದರು, ತೈಲ ಸಂಸ್ಕರಣಾಗಾರ, ಗೊಬ್ಬರ ಕಾರ್ಖಾನೆ, 1960ರಲ್ಲಿ ಸುರತ್ಕಲ್‌ನಲ್ಲಿ ಆರಂಭವಾದ ಇಂಜಿನಿಯರಿಂಗ್ ಕಾಲೇಜು, ದೇರಳಕಟ್ಟೆಯ ಸುತ್ತ ಸಾಲಾಗಿ ನಿಂತ ಮೆಡಿಕಲ್ ಕಾಲೇಜುಗಳು. ಕಾಸರಗೋಡಿನಿಂದ, ಕೊಡಗಿನಿಂದ ರೋಗಿಗಳು ಇಲ್ಲಿಗೆ ಬರುತ್ತಾರೆ. 2006ರಲ್ಲಿ ದುಬೈಗೆ ನೇರ ವಿಮಾನ ಆರಂಭವಾದಾಗ ಕರಾವಳಿಯ ಎಷ್ಟು ಮನೆಗಳಿಗೆ ಅನುಕೂಲವಾಯಿತು ಎಂಬುದನ್ನು ಈ ಪುಟ ಓದುವ ಅನೇಕರಿಗೆ ಹೇಳಬೇಕಾಗಿಲ್ಲ.

ಆದರೆ ದಕ್ಷಿಣ ಕನ್ನಡದ ಜನಸಂಖ್ಯೆ ನಿಧಾನವಾಗಿ ಬೆಳೆಯುತ್ತದೆ. 2001ರಿಂದ 2011ರವರೆಗೆ ರಾಜ್ಯದ ಜನ ಶೇ. 15ಕ್ಕಿಂತ ಹೆಚ್ಚು ಬೆಳೆದಾಗ ಈ ಜಿಲ್ಲೆಯದು ಸುಮಾರು ಶೇ. 10. ಓದಿದ ಯುವಕರು ಹೊರಟುಹೋಗುತ್ತಾರೆ. ಇಲ್ಲಿನ ಕಾಲೇಜುಗಳು ಹೊರ ಊರಿನ ಕಂಪೆನಿಗಳಿಗೆ ಮಕ್ಕಳನ್ನು ತಯಾರು ಮಾಡಿ ಕಳಿಸುತ್ತಿವೆ. ಘಾಟಿಯ ರಸ್ತೆಯದ್ದೂ ಒಂದು ತೊಡಕು. 2018ರಲ್ಲಿ, ಮತ್ತೆ 2024ರ ಜುಲೈಯಲ್ಲಿ ಗುಡ್ಡ ಜರಿದು ಬೆಂಗಳೂರಿನ ದಾರಿ ಕಡಿದುಹೋಯಿತು. ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಊರಿನಲ್ಲಿ 2016 ಮತ್ತು 2019ರ ಬೇಸಿಗೆಯಲ್ಲಿ ನೀರು ಸರದಿಯ ಮೇಲೆ ಬಿಡಬೇಕಾಯಿತು. ತುಂಬೆ ಅಣೆಕಟ್ಟಿನಲ್ಲಿ ನೇತ್ರಾವತಿ ಬತ್ತಿದರೆ ಬೇರೆ ದಾರಿಯಿಲ್ಲ.

ಹೆಂಗಸರು ಗಮನಿಸಬೇಕಾದ ಇನ್ನೊಂದು ಸಂಗತಿ ಬಸ್ಸಿನದು. 2023ರ ಜೂನ್ 11ರಿಂದ ಆರಂಭವಾದ 'ಶಕ್ತಿ' ಯೋಜನೆಯಲ್ಲಿ ಸರಕಾರಿ ಬಸ್ಸಿನಲ್ಲಿ ಮಹಿಳೆಯರಿಗೆ ಉಚಿತ ಪ್ರಯಾಣ. ಮಂಗಳೂರಿನ ಸಿಟಿ ಬಸ್ಸುಗಳಲ್ಲಿ ಹೆಚ್ಚಿನವು ಖಾಸಗಿ. ಹಾಗಾಗಿ ಅಂಗಡಿಯಲ್ಲಿ ಸೇಲ್ಸ್ ಕೆಲಸ ಮಾಡುವ ಹುಡುಗಿ ಸಂಬಳದ ಒಂದು ಭಾಗವನ್ನು ಬಸ್ಸಿಗೇ ಕೊಡಬೇಕಾಗುತ್ತದೆ.

ಮಂಗಳೂರಿನ ಬೆಳವಣಿಗೆ ಮಲಪ್ಪುರಂ ರೀತಿಯದ್ದಾಗಬಹುದು. ಉಳ್ಳಾಲ, ಸೋಮೇಶ್ವರ, ಕೋಟೆಕಾರ್, ಇತ್ತ ಸುರತ್ಕಲ್ ದಾಟಿ ಮೂಲ್ಕಿಯ ತನಕ ಮನೆಗಳ ಸಾಲು ಈಗಾಗಲೇ ಕೂಡಿಕೊಂಡಿದೆ. ಆದರೆ ಇಬ್ನು ಖಲ್ದೂನ್ ಹೇಳಿದ ಮೊದಲ ಶರತ್ತು ನೆನಪಿರಲಿ. ಊರಿಗೆ ನೆಮ್ಮದಿ ಬೇಕು. ಒಂದು ಗಲಾಟೆಗೆ ಮೂರು ದಿನ ಅಂಗಡಿ ಮುಚ್ಚಿದರೆ ದಿನಗೂಲಿಯವನ ಮನೆ ಉಪವಾಸ ಬೀಳುತ್ತದೆ. ಹೊರಗಿನ ಉದ್ಯಮಿ ಬೇರೆ ಊರನ್ನು ಹುಡುಕುತ್ತಾನೆ. ಮಗಳನ್ನು ಸಂಜೆ ಪಾಳಿಯ ಕೆಲಸಕ್ಕೆ ಕಳಿಸಲು ಯಾವ ಧರ್ಮದ ತಾಯಿಯೂ ಅಂಜುತ್ತಾಳೆ. ಕರಾವಳಿಗೆ ಬೇಕಾದ ಮೊದಲ ಬಂಡವಾಳ ಪರಸ್ಪರ ನಂಬಿಕೆ.

ಬೆಳಗಾವಿ ಮತ್ತು ಕಲಬುರಗಿ

ಬೆಳಗಾವಿಯಲ್ಲಿ ಫೌಂಡ್ರಿ, ಯಂತ್ರದ ಬಿಡಿಭಾಗಗಳ ಸಣ್ಣ ಕಾರ್ಖಾನೆಗಳು ಬಹಳ. ಕಸುಬು ಬಲ್ಲ ಕೈಗಳಿಗೆ ಅಲ್ಲಿ ಕೊರತೆಯಿಲ್ಲ. 1998ರಲ್ಲಿ ತಾಂತ್ರಿಕ ವಿಶ್ವವಿದ್ಯಾನಿಲಯ, 2012ರಲ್ಲಿ ಸುವರ್ಣ ವಿಧಾನಸೌಧ ಬಂದವು. ಪುಣೆ-ಬೆಂಗಳೂರು ಹೆದ್ದಾರಿ, ಗೋವೆಯ ಸಾಮೀಪ್ಯ, ತಂಪು ಹವೆ ಎಲ್ಲವೂ ಅನುಕೂಲ. 2004ರಲ್ಲಿ ಮಹಾರಾಷ್ಟ್ರ ಸುಪ್ರೀಂ ಕೋರ್ಟಿಗೆ ಒಯ್ದ ಗಡಿ ವ್ಯಾಜ್ಯ ಮಾತ್ರ ಊರಿನ ತಲೆಯ ಮೇಲೆ ತೂಗುತ್ತಲೇ ಬಂದಿದೆ.

ಕಲಬುರಗಿಯ ಮಾತು ಬೇರೆ. ರಾಜಧಾನಿ ಹೋದರೂ ಖಾಜಾ ಬಂದೇ ನವಾಝರ ದರ್ಗಾದಿಂದಾಗಿ ಆ ಊರಿಗೆ ಜನರ ಬರವು ನಿಲ್ಲಲಿಲ್ಲ. ದರ್ಗಾದ ಹಿರಿಯರು ಕಟ್ಟಿದ ವಿದ್ಯಾಸಂಸ್ಥೆಗಳಲ್ಲಿ ಬೀಬಿ ರಝಾ ಮಹಿಳಾ ಕಾಲೇಜು ಆ ಭಾಗದ ಎಷ್ಟೋ ಹೆಣ್ಣುಮಕ್ಕಳಿಗೆ ಪದವಿ ಕೊಟ್ಟಿದೆ. 371ಜೆ ವಿಧಿಯ ಮೀಸಲಾತಿ, 2009ರಲ್ಲಿ ಕೇಂದ್ರೀಯ ವಿಶ್ವವಿದ್ಯಾನಿಲಯ, 2017ರಲ್ಲಿ ಬೀದರ್ ರೈಲು ಮಾರ್ಗ, 2019ರಲ್ಲಿ ವಿಮಾನ ನಿಲ್ದಾಣ ಹೀಗೆ ಸೌಕರ್ಯಗಳು ಬಂದವು. ಕೊರತೆ ಉದ್ಯೋಗದ್ದು. ಒಂದು ಕಾಲದ ದೊಡ್ಡ ಎಂ.ಎಸ್.ಕೆ. ಮಿಲ್ ಮುಚ್ಚಿಹೋಗಿ ಈಗ ಬಡಾವಣೆಯ ಹೆಸರಾಗಿ ಉಳಿದಿದೆ. ತೊಗರಿ, ಬೇಳೆ ಗಿರಣಿ, ಸುತ್ತಲಿನ ಸಿಮೆಂಟ್ ಕಾರ್ಖಾನೆಗಳಿಂದಷ್ಟೇ ಓದಿದ ಮಕ್ಕಳಿಗೆಲ್ಲ ಕೆಲಸ ಸಿಗದು. 2023ರಲ್ಲಿ ಕೇಂದ್ರ ಸರಕಾರ ಪ್ರಕಟಿಸಿದ ಏಳು ಜವಳಿ ಪಾರ್ಕುಗಳಲ್ಲಿ ಒಂದು ಕಲಬುರಗಿಗೆ ಬಂತು. ಹೊಲಿಗೆ ಹೆಂಗಸರಿಗೆ ಒಗ್ಗಿದ ಕಸುಬು. ಅದು ಕಾಗದದಿಂದ ನೆಲಕ್ಕಿಳಿದು ಕೈತುಂಬ ಕೆಲಸ ಕೊಟ್ಟರೆ ಮುಂಬೈ, ಪುಣೆಗೆ ಗುಳೆ ಹೋಗುವ ಎಷ್ಟೋ ಕುಟುಂಬಗಳು ಊರಲ್ಲೇ ಉಳಿದಾವು.

ಇಷ್ಟನ್ನೂ ತೂಗಿ ನೋಡಿದರೆ ಬೆಂಗಳೂರಿನ ನೆರಳಿನಿಂದ ದೂರ ನಿಂತು, ತನ್ನದೇ ಸೀಮೆಯನ್ನು ಸಾಕುತ್ತಿರುವ ಹುಬ್ಬಳ್ಳಿ-ಧಾರವಾಡವೇ ನಿಜವಾದ ಎರಡನೇ ಮಹಾನಗರವಾಗಬಲ್ಲದು. ಶರತ್ತು ಒಂದೇ, ನೀರು. ಹತ್ತು ಲಕ್ಷದ ಗೆರೆಯನ್ನು ಮೈಸೂರು ಮೊದಲು ದಾಟಬಹುದು. ಮಂಗಳೂರು ಸುತ್ತಲಿನ ಊರುಗಳನ್ನು ಕೂಡಿಕೊಂಡು ನಿಧಾನವಾಗಿ ಆ ಹಾದಿ ಹಿಡಿದೀತು. ಬೆಳಗಾವಿ, ಕಲಬುರಗಿ ಅವುಗಳ ಹಿಂದೆ ಇವೆ.

ಸೈಟು ಕೊಳ್ಳುವ ಮುನ್ನ

ಊರು ಬೆಳೆಯುತ್ತದೆ ಎಂಬ ಮಾತು ಕೇಳಿದ ಕೂಡಲೇ ನಮ್ಮ ಮನೆಗಳಲ್ಲಿ ಆಗುವುದೇನು? ಗಲ್ಫಿನಲ್ಲಿ ಹತ್ತು ವರ್ಷ ದುಡಿದ ಹಣ, ಅದು ಸಾಲದಾದಾಗ ಮನೆಯೊಡತಿಯ ಚಿನ್ನ, ಎಲ್ಲ ಸೇರಿ ಊರ ಹೊರಗಿನ ಒಂದು ಸೈಟಾಗುತ್ತದೆ. ಹಾಗೆ ಮಾಡಬಾರದೆಂದಲ್ಲ. ಆದರೆ ಕೆಲವು ಪ್ರಶ್ನೆಗಳನ್ನು ನೀವೇ ಕೇಳಿ.

ಮೊದಲನೆಯದು, ಆ ಜಾಗ ಕೃಷಿ ಭೂಮಿಯಿಂದ ಪರಿವರ್ತನೆಯಾಗಿದೆಯೇ, ಲೇಔಟಿಗೆ ನಗರಾಭಿವೃದ್ಧಿ ಪ್ರಾಧಿಕಾರದ ಮಂಜೂರಾತಿ ಇದೆಯೇ? 2016ರ ರೇರಾ ಕಾಯ್ದೆಯಂತೆ 500 ಚದರ ಮೀಟರಿಗಿಂತ ದೊಡ್ಡ ಲೇಔಟುಗಳು ಮಾರಾಟಕ್ಕೆ ಮುನ್ನ ನೋಂದಣಿಯಾಗಬೇಕು. ನೋಂದಣಿ ಸಂಖ್ಯೆ ಕೇಳಿ ಪಡೆಯಿರಿ. ಬಿ-ಖಾತಾ ಇದೆ ಎಂದ ಮಾತ್ರಕ್ಕೆ ಲೇಔಟ್ ಸಕ್ರಮವಾಯಿತು ಎಂದಲ್ಲ, ತೆರಿಗೆ ಕಟ್ಟುವುದಕ್ಕೆ ಅದೊಂದು ಲೆಕ್ಕ ಅಷ್ಟೆ.

ಎರಡನೆಯದು ನೀರು. ಏಜೆಂಟರನ್ನು ಕೇಳಬೇಡಿ. ಎಪ್ರಿಲ್ ತಿಂಗಳಲ್ಲಿ ಹೋಗಿ ಪಕ್ಕದ ಬೀದಿಯ ಹೆಂಗಸರನ್ನು ಕೇಳಿ. ನಲ್ಲಿಯಲ್ಲಿ ಎಷ್ಟು ದಿನಕ್ಕೊಮ್ಮೆ ನೀರು, ಟ್ಯಾಂಕರಿಗೆ ತಿಂಗಳಿಗೆ ಎಷ್ಟು ಖರ್ಚು ಎಂಬುದನ್ನು ಅವರಷ್ಟು ಸರಿಯಾಗಿ ಯಾರೂ ಹೇಳಲಾರರು.

ಮೂರನೆಯದು ಬಸ್ಸು. ಸಂಜೆ ಏಳು ಗಂಟೆಗೆ ಆ ಬಡಾವಣೆಗೆ ಬಸ್ಸಿದೆಯೇ, ದಾರಿದೀಪ ಇದೆಯೇ ಎಂದು ನಿಂತು ನೋಡಿ. ಹಗಲು ಹನ್ನೊಂದಕ್ಕೆ ಕಾರಿನಲ್ಲಿ ಕರೆದೊಯ್ದು ತೋರಿಸುವ ಜಾಗ ಸಂಜೆ ಬೇರೆಯೇ ಆಗಿರುತ್ತದೆ.

ನಾಲ್ಕನೆಯದು ಪತ್ರದಲ್ಲಿ ಇರುವ ಹೆಸರು. ನಿಮ್ಮ ಮಹರ್, ನಿಮ್ಮ ಚಿನ್ನ ನಿಮ್ಮದು. ಶರೀಅತ್ ಅದನ್ನು ನಿಮ್ಮ ಸ್ವಂತ ಸೊತ್ತೆಂದು ಮಾನ್ಯ ಮಾಡಿದೆ. ಅದನ್ನು ಮಾರಿ ಜಾಗ ಕೊಳ್ಳುವುದಾದರೆ ನೋಂದಣಿಯಲ್ಲಿ ನಿಮ್ಮ ಹೆಸರೂ ಇರಲಿ. ಇದನ್ನು ಕೇಳುವುದು ಗಂಡನ ಮೇಲಿನ ಅವಿಶ್ವಾಸವಲ್ಲ, ಲೆಕ್ಕ ಸರಿಯಾಗಿರಲಿ ಎಂಬ ಎಚ್ಚರ.

ಇನ್ನೊಂದು ಮಾತು. ಊರು ತಾನಾಗಿ ಬೆಳೆಯುವುದಿಲ್ಲ, ಬೆಳೆಸುವವರು ಬೇಕು. 74ನೇ ತಿದ್ದುಪಡಿಯೇ ನಗರ ಸಂಸ್ಥೆಗಳಲ್ಲಿ ಕನಿಷ್ಠ ಮೂರನೇ ಒಂದು ಸ್ಥಾನವನ್ನು ಮಹಿಳೆಯರಿಗೆ ಕೊಟ್ಟಿದೆ. ಓಟು ಕೇಳಲು ಬಂದವರೊಡನೆ ನಾವು ರಸ್ತೆಗೆ ಡಾಂಬರು ಕೇಳುತ್ತೇವೆ, ಮದುವೆ ಮಂಟಪ ಕೇಳುತ್ತೇವೆ. ಇನ್ನು ಮುಂದೆ ದಿನವೂ ನೀರು, ಸಂಜೆಯ ಬಸ್ಸು, ಹೆಣ್ಣುಮಕ್ಕಳ ಹಾಸ್ಟೆಲ್ ಕೇಳೋಣ. ಕೇಳುವವರು ನಾಲ್ಕು ಮನೆಯವರಾದರೆ ಕಿವಿಗೆ ಬೀಳದು. ನೆರೆಯ ಹಿಂದೂ, ಕ್ರೈಸ್ತ ಸಹೋದರಿಯರೂ ಅದೇ ನಲ್ಲಿಯ ಮುಂದೆ, ಅದೇ ಬಸ್ ಸ್ಟಾಪಿನಲ್ಲಿ ಕಾಯುತ್ತಿದ್ದಾರೆ. ಅವರನ್ನೂ ಜೊತೆಗೆ ಕರೆಯಿರಿ.

ನಿಮ್ಮ ಊರು ಮಹಾನಗರವಾಗುತ್ತದೆಯೇ ಎಂದು ಯಾರಾದರೂ ಕೇಳಿದರೆ ಫ್ಲೈಓವರ್, ಮಾಲ್‌ಗಳನ್ನು ಲೆಕ್ಕ ಹಾಕಬೇಡಿ. ಕಪಾಟಿನಲ್ಲಿರುವ ಮಗಳ ಪ್ರಮಾಣಪತ್ರಕ್ಕೆ ಆ ಊರಿನಲ್ಲಿ ಕೆಲಸ ಇದೆಯೇ, ಅವಳು ಸಂಜೆ ನಿರ್ಭಯವಾಗಿ ಮನೆಗೆ ಬರಬಲ್ಲಳೇ ಎಂದು ನೋಡಿ.